ಹಸಿರು ಬೊಟ್ಟಿನ ಶಾಕ್ ಅಬ್ಸಾರ್ಬರ್

ನಿಂತ ಗಾಡಿಯ ಮೂಲೆಯನ್ನು ಒಮ್ಮೆ ಒತ್ತಿ ನೋಡದೆ ಮುಂದೆ ಹೋಗುವುದು ಫಿಡೆಲಿಸನಿಂದ ಆಗುತ್ತಿರಲಿಲ್ಲ. ದುಬೈಯ ಊದ್ ಮೇಥಾದ ಇಗರ್ಜಿಯಲ್ಲಿ ಭಾನುವಾರದ ಕೊಂಕಣಿ ಪೂಜೆ ಮುಗಿದು ಜನ ಪಾರ್ಕಿಂಗಿನಲ್ಲಿ ಹರಟುತ್ತ ನಿಂತಿದ್ದರೆ, ಇವನು ಮಾತಿನ ನಡುವೆಯೇ ಯಾರದೋ ಕಾರಿನ ಹಿಂದಿನ ಮೂಲೆಗೆ ಅಂಗೈ ಊರಿ, ಮೈಭಾರ ಹಾಕಿ ಕೆಳಗೆ ಒತ್ತಿ ಬಿಟ್ಟುಬಿಡುತ್ತಿದ್ದ. ಗಾಡಿ ಮೇಲೆದ್ದು ಸುಮ್ಮನೆ ನಿಂತರೆ ಸರಿ. ಎದ್ದು, ಕುಸಿದು, ಮತ್ತೆ ಎದ್ದು ತೂಗಾಡಿತೋ, ಇವನ ಹುಬ್ಬು ಗಂಟಾಗುತ್ತಿತ್ತು. ಯಜಮಾನ ಯಾರೇ ಇರಲಿ, ಅವನ ಹೆಂಡತಿ ಮಕ್ಕಳ ಎದುರಿಗೇ, ನಿಮ್ಮ ಶಾಕ್ ಅಬ್ಸಾರ್ಬರ್ ಸತ್ತು ಹೋಗಿದೆ, ಇದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಕೇಳಿಬಿಡುತ್ತಿದ್ದ. ಹಾಗೆ ಕೇಳಿಸಿಕೊಂಡವರು ಮುಂದಿನ ವಾರ ಅವನಿಂದ ದೂರ ಗಾಡಿ ನಿಲ್ಲಿಸುತ್ತಿದ್ದರು. ಪಾದ್ರಿಗಳು ಗಾಡಿಗೆ ಆಶೀರ್ವಾದ ಮಾಡುವುದು ಕೊಂಡ ದಿನ ಮಾತ್ರ, ಫಿಡೆಲಿಸ್ ಮಾಡುವುದು ವಾರ ವಾರ ಎಂದು ಹಿಂದಿನಿಂದ ನಗುವವರೂ ಇದ್ದರು. ಮಗಳು ಫಿಯೋನಾ ಮಾತ್ರ ನಗುತ್ತಿರಲಿಲ್ಲ. "ಡ್ಯಾಡ್, ಪ್ಲೀಸ್, ನಾಟ್ ಅಗೇನ್" ಎಂದು ತಾಯಿಯ ಬೆನ್ನ ಹಿಂದೆ ಸರಿಯುತ್ತಿದ್ದಳು.

ಅವನ ಕೆಲಸವೇ ಅದಾಗಿತ್ತು. ದುಬೈಯ ಒಂದು ವಾಹನ ತಪಾಸಣೆ ಸೆಂಟರಿನಲ್ಲಿ, ನೆಲದೊಳಗಿನ ಹೊಂಡದಲ್ಲಿ ನಿಂತು, ತಲೆಯ ಮೇಲೆ ಬಂದು ನಿಲ್ಲುವ ಗಾಡಿಗಳ ಹೊಟ್ಟೆಗೆ ಟಾರ್ಚ್ ಹಿಡಿದು ನೋಡುವುದು. ನಮ್ಮವರು ಇದಕ್ಕೆ ಪಾಸಿಂಗ್ ಎನ್ನುತ್ತಾರೆ. ಪ್ರತಿವರ್ಷ ಪಾಸಿಂಗ್ ಆಗದಿದ್ದರೆ ಮುಲ್ಕಿಯಾ, ಅಂದರೆ ಗಾಡಿಯ ನೋಂದಣಿ ಕಾರ್ಡು, ಸಿಗುವುದಿಲ್ಲ, ಮುಲ್ಕಿಯಾ ಇಲ್ಲದೆ ಗಾಡಿ ರಸ್ತೆಗಿಳಿಸುವಂತಿಲ್ಲ. ಬ್ರೇಕು, ದೀಪ, ಟಯರು ಇವನ್ನೆಲ್ಲ ಮೇಲಿನವರು ನೋಡುತ್ತಾರೆ. ಕೆಳಗಿನದು ಫಿಡೆಲಿಸನ ಪಾಲು. ಅದರಲ್ಲೂ ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಅವನ ಮೂಗಿನ ತುದಿಯಲ್ಲೇ ಕೋಪ. ಸ್ಪ್ರಿಂಗಿಗೆ ಕುಣಿಯುವುದು ಮಾತ್ರ ಗೊತ್ತು, ಅದನ್ನು ಹಿಡಿದು ನಿಲ್ಲಿಸುವುದು ಶಾಕು. ಒಳಗಿನ ಎಣ್ಣೆ ಸೋರಿಹೋದರೆ ಚಕ್ರ ನೆಲ ಬಿಟ್ಟು ಹಾರುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಎಂಥ ಬ್ರೇಕು ಹಾಕಿದರೂ ಅಷ್ಟೇ. ಅದು ಒಂದೇ ದಿನ ಸಾಯುವುದೂ ಇಲ್ಲ. ದಿನಕ್ಕಿಷ್ಟು ಸೋರುತ್ತದೆ, ಓಡಿಸುವವನ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ, ಹಿಂದಿನ ಗಾಡಿಯವನಿಗೆ ಕಾಣುತ್ತದೆ ಎಂದು ಅವನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಯಾರಿಗೆ ಬೇಕಿತ್ತು ಇವನ ಉಪದೇಶ?

ಅವನಿಗೆ ಇನ್ನೊಂದು ಚಾಳಿ ಇತ್ತು. ಊರು ಬಿಟ್ಟು ಬಂದ ಹೊಸತರಲ್ಲಿ ಸತ್ವಾದ ಒಂದು ಹಳೇ ವಿಲ್ಲಾದಲ್ಲಿ ಬೆಡ್‌ಸ್ಪೇಸ್, ಅಂದರೆ ಒಂದು ಮಂಚದಷ್ಟು ಜಾಗ, ಹಿಡಿದಿದ್ದ. ಒಂದೇ ಅಡುಗೆಮನೆ, ರೂಮು ತುಂಬ ಜನ, ಬೆಳಿಗ್ಗೆ ಎದ್ದರೆ ನಿನ್ನ ಲೋಟ ಯಾರ ಬಾಯಲ್ಲೋ ಇರುತ್ತಿತ್ತು. ಅದಕ್ಕೆ ಎಲ್ಲರೂ ತಮ್ಮ ತಮ್ಮ ಸಾಮಾನಿಗೆ ಬಣ್ಣದ ಬೊಟ್ಟು ಇಟ್ಟುಕೊಳ್ಳುತ್ತಿದ್ದರು. ಒಬ್ಬನದು ಕೆಂಪು, ಒಬ್ಬನದು ನೀಲಿ, ಫಿಡೆಲಿಸನದು ಗಿಣಿ ಹಸಿರು. ಮದುವೆಯಾಗಿ, ಡಿಸ್ಕವರಿ ಗಾರ್ಡನ್ಸಿನಲ್ಲಿ ಸ್ವಂತ ಮನೆ ಹಿಡಿದ ಮೇಲೂ ಆ ಚಾಳಿ ಬಿಡಲಿಲ್ಲ. ಪಾತ್ರೆ, ಸೂಟ್‌ಕೇಸು, ಕೊಡೆ, ಕೊನೆಗೆ ಗ್ಯಾಸ್ ಸಿಲಿಂಡರಿಗೂ ಹಸಿರು ಬೊಟ್ಟು. ಅವನ ಹೆಂಡತಿ ಬೆಟ್ಟಿ ಇದಕ್ಕೆ ತದ್ವಿರುದ್ಧ. ಕೇಳಿದವರಿಗೆ ಇಲ್ಲ ಎನ್ನುವ ಮಾತೇ ಅವಳಿಗೆ ಬರುತ್ತಿರಲಿಲ್ಲ. ಅವಳ ಎರಡೆಳೆ ಚಿನ್ನದ ಸರ ದುಬೈಯಲ್ಲಿ ನಡೆದ ನಮ್ಮವರ ಅರ್ಧದಷ್ಟು ಮದುವೆಗಳ ಫೋಟೋದಲ್ಲಿ ಯಾರ ಯಾರದೋ ಕುತ್ತಿಗೆಯಲ್ಲಿದೆ. ಇವನು ಬೊಟ್ಟು ಇಡುತ್ತ ಹೋದ, ಅವಳು ಕಡ ಕೊಡುತ್ತ ಹೋದಳು.

ಬೆಟ್ಟಿ ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ದಿನಾ ಬೆಳಕು ಹರಿಯುವ ಮುಂಚೆ ಹೊರಟು ಅಬುಧಾಬಿ ರೋಡು ಹಿಡಿಯುವವಳು. ಎಡಕ್ಕೆ ಬಾಣದ ಹಾಗೆ ಹಾರುವ ಕಾರುಗಳು, ಬಲಕ್ಕೆ ಸಾಲು ಸಾಲು ಟ್ರೈಲರುಗಳು. ಆದ್ದರಿಂದಲೇ ಫಿಡೆಲಿಸ್ ಅವಳಿಗೆ ಗಟ್ಟಿಮುಟ್ಟಾದ ಏಳು ಸೀಟಿನ ಗಾಡಿ ಹುಡುಕಿ ಕೊಡಿಸಿದ್ದ. ಮಳೆಗಾಲದ ರಜೆಗೆ ಊರಿಗೆ ಹೋಗಿ ಬಂದ ಮೇಲೆ, ಇನ್ನೂ ಹಾಳಾಗದೆ ಇದ್ದ ಹಿಂಬದಿಯ ಶಾಕುಗಳನ್ನು ಬಿಚ್ಚಿಸಿ, ಸತ್ವಾದ ಅಬ್ದುಲ್ಲನ ಗ್ಯಾರೇಜಿನಲ್ಲಿ ಎದುರು ನಿಂತು ಹೊಸದು ಹಾಕಿಸಿದ್ದ. ಹಾಕುವ ಮೊದಲು ಒಂದೊಂದಕ್ಕೂ ಹಸಿರು ಬೊಟ್ಟು ಇಟ್ಟ. ಇದನ್ನು ಯಾರು ಕದ್ದುಕೊಂಡು ಹೋಗ್ತಾರೆ ಮಾರಾಯ್ರೇ ಎಂದು ಅಬ್ದುಲ್ಲ ನಕ್ಕಿದ್ದ.

ಬೆಟ್ಟಿಯ ತಮ್ಮ ರಯಾನನ ಹತ್ತಿರವೂ ಅದೇ ಮಾದರಿಯ ಗಾಡಿ ಇತ್ತು. ಅಕ್ಕನದ್ದು ನೋಡಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ರಯಾನ್ ನಗುಮುಖದವನು, ಡಿಸ್ಕವರಿ ಗಾರ್ಡನ್ಸಿಗೆಲ್ಲ ಬೇಕಾದವನು. ಭಾನುವಾರ ಕಾರಿಲ್ಲದವರನ್ನೆಲ್ಲ ಪುಕ್ಕಟೆಯಾಗಿ ಇಗರ್ಜಿಗೆ ಕರೆದುಕೊಂಡು ಹೋಗುತ್ತಿದ್ದ. ಮಗಳ ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ಬಂದ ಅಪೊಲೊನಿಯಾ ಬಾಯಿಗೆ ಅವನ ಮುಂದಿನ ಸೀಟು ಖಾಯಂ. ಹಿಂದೆ ಮಕ್ಕಳ ದಂಡು, ಫಿಯೋನಾ ಕೂಡ ಗೆಳತಿಯರಿದ್ದಾರೆಂದು ಮಾಮನ ಗಾಡಿಯನ್ನೇ ಹತ್ತುತ್ತಿದ್ದಳು. ಇಷ್ಟು ಜನರ ಭಾರ ಹೊರುವ ಗಾಡಿಯ ಅಡಿಯಲ್ಲಿ ಏನಿದೆ ಎಂದು ನೋಡುವ ಪುರುಸೊತ್ತು ಮಾತ್ರ ಅವನಿಗೆ ಇರಲಿಲ್ಲ.

ಅದನ್ನು ಫಿಡೆಲಿಸ್ ನೋಡಿದ. ರಯಾನನ ಗಾಡಿ ಪಾಸಿಂಗಿಗೆ ಬಂದದ್ದು ಇವನ ಹೊಂಡದ ಮೇಲಕ್ಕೇ. ಹಿಂದಿನ ಎರಡು ಶಾಕುಗಳೂ ಎಣ್ಣೆ ಸೋರಿ, ಆ ಎಣ್ಣೆಗೆ ಮರಳು ಮೆತ್ತಿ, ಎರೆಮಣ್ಣಿನ ಮುದ್ದೆಯಾಗಿದ್ದವು. ಮೇಲೆ ಬಂದು ಮೂಲೆ ಒತ್ತಿದ, ಗಾಡಿ ತೊಟ್ಟಿಲಿನಂತೆ ತೂಗಿತು. ಭಾವಮೈದುನ ಕಣ್ಣು ಮಿಟುಕಿಸಿದ. ಫಿಡೆಲಿಸ್ ಫೇಲ್ ಬರೆದ.

ಆಮೇಲಿನ ದಿನಗಳಲ್ಲಿ ಅವನು ಪಟ್ಟ ಪಾಡು ಕೇಳಬೇಡಿ. ಸ್ವಂತ ಹೆಂಡತಿಯ ತಮ್ಮನನ್ನೇ ಫೇಲ್ ಮಾಡಿದನಂತೆ ಎಂಬ ಸುದ್ದಿ ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಹೋಯಿತು. ಇವನು ಎಂಥ ಮನುಷ್ಯ, ಸ್ವಲ್ಪ ಕಣ್ಣು ಮುಚ್ಚಿದ್ದರೆ ಏನು ಗಂಟು ಹೋಗುತ್ತಿತ್ತು ಎಂದರು. ಎದುರಿಗೆ ಸಿಕ್ಕರೆ ಹಲ್ಲು ಕಿರಿದು ಸರಿದು ಹೋದರು. ಮನೆಯಲ್ಲಿ ಬೆಟ್ಟಿ ತಟ್ಟೆ ಇಟ್ಟು ಹೋಗುತ್ತಿದ್ದಳು, ಮಾತಿಲ್ಲ. ಶಾಕ್ ಬದಲಾಯಿಸು ಎಂದು ರಯಾನನಿಗೆ ಒಬ್ಬರಾದರೂ ಹೇಳಿದರೇ? ಇಲ್ಲ. ಸೋರುವ ಶಾಕಿಗಿಂತ ಅದನ್ನು ಸೋರುತ್ತಿದೆ ಎಂದವನೇ ದೊಡ್ಡ ಅಪರಾಧಿಯಾದ.

ಒಂದು ಸಂಜೆ ಇದ್ದಕ್ಕಿದ್ದಂತೆ ಮನೆಯ ಹವೆ ಬದಲಾಯಿತು. ಬೆಟ್ಟಿ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದಳು, ಕೇಳದೆಯೇ ಎರಡನೇ ಸಲ ಬಡಿಸಿದಳು. ಗಾಡಿಯ ಆಯಿಲ್ ಬದಲಾಯಿಸಲಿಕ್ಕೆ ರಯಾನನ ಜೊತೆ ಸತ್ವಾಕ್ಕೆ ಹೋಗಿದ್ದೆ ಎಂದಳು. ಅಂತೂ ಅಕ್ಕ ತಮ್ಮನ ಸಿಟ್ಟು ಇಳಿಯಿತಲ್ಲ ಎಂದು ಫಿಡೆಲಿಸ್ ಬೆರಳು ನೆಕ್ಕಿಕೊಂಡು ಊಟ ಮಾಡಿದ.

ಮರುದಿನ ಬೆಳಿಗ್ಗೆ ರಯಾನನ ಗಾಡಿ ಮತ್ತೆ ಹೊಂಡದ ಮೇಲೆ ಬಂತು. ಫಿಡೆಲಿಸ್ ಟಾರ್ಚ್ ಹಾಕಿದ. ಎಣ್ಣೆಯಿಲ್ಲ, ಮುದ್ದೆಯಿಲ್ಲ, ಕಪ್ಪಗೆ ಹೊಳೆಯುವ ಶಾಕು. ಹುಡುಗ ಬುದ್ಧಿ ಕಲಿತ ಎಂದು ಅವನಿಗೆ ಒಳಗೊಳಗೇ ಖುಷಿಯಾಯಿತು. ಟಾರ್ಚನ್ನು ಇನ್ನಷ್ಟು ಮೇಲೆತ್ತಿದ. ಶಾಕಿನ ನೆತ್ತಿಯ ಹತ್ತಿರ ಗಿಣಿ ಹಸಿರು ಬೊಟ್ಟು. ಇನ್ನೊಂದಕ್ಕೆ ತಿರುಗಿಸಿದ. ಅಲ್ಲಿಯೂ.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಕೈ ಮೇಲೆತ್ತಿ ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಆಮೇಲೆ ಎಲ್ಲವೂ ಒಟ್ಟಿಗೆ ತಲೆಗೆ ಬಂತು: ಸತ್ವಾ, ಆಯಿಲ್, ಬಂಗುಡೆ. ಒಳ್ಳೆಯದು ಇಲ್ಲಿದ್ದರೆ ಸೋರುವುದು ಎಲ್ಲಿದೆ? ಆ ಹೊತ್ತಿಗೆ ಬೆಟ್ಟಿ ಅದೇ ಸತ್ತ ಶಾಕುಗಳ ಮೇಲೆ ಕೂತು ಅಬುಧಾಬಿ ರೋಡಿನಲ್ಲಿ ಹೋಗುತ್ತಿದ್ದಳು. ಫಿಡೆಲಿಸ್ ಟಾರ್ಚ್ ಆರಿಸಿದ. ಹೊಂಡದಿಂದ ಮೇಲೆ ಬಂದು ಫೋನ್ ಮಾಡಿದ. ಅವಳು ತೆಗೆಯಲಿಲ್ಲ. ಗಾಡಿ ಓಡಿಸುವಾಗ ಫೋನ್ ತೆಗೆಯಬೇಡ ಎಂದು ಅವಳಿಗೆ ಬೈದು ಬೈದು ಕಲಿಸಿದವನು ಇವನೇ. ಮತ್ತೆ ಮಾಡಿದ, ಮತ್ತೆ ಇಲ್ಲ. ಆಚೆ ವೇಟಿಂಗ್ ರೂಮಿನ ಗಾಜಿನ ಹಿಂದೆ ರಯಾನ್ ಚಾ ಕುಡಿಯುತ್ತ ಹೆಬ್ಬೆರಳು ಎತ್ತಿ ತೋರಿಸಿದ.

ಫಿಡೆಲಿಸ್ ಸೂಪರ್‌ವೈಸರ್ ಶ್ರೀನಿವಾಸಮೂರ್ತಿಯವರ ಹತ್ತಿರ ಹೋದ. ಅವರು ದಾವಣಗೆರೆಯವರು, ಸಜ್ಜನರು, ಕಾನೂನು ಬಲ್ಲವರು. ಈ ಶಾಕು ಈ ಗಾಡಿಯದಲ್ಲ, ನನ್ನ ಹೆಂಡತಿಯ ಗಾಡಿಯದು, ಪಾಸಿಂಗ್ ಮುಗಿಸಿ ಇವನು ವಾಪಸು ಬಿಚ್ಚಿಕೊಡುತ್ತಾನೆ, ಇದನ್ನು ಪಾಸ್ ಮಾಡಬೇಡಿ ಎಂದ. ಅವರು ಕನ್ನಡಕ ಸರಿಮಾಡಿಕೊಂಡು, ಶಾಕು ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳಿದರು. ಚೆನ್ನಾಗಿದೆ ಎಂದ ಇವನು.

"ಮತ್ತೆ ಇನ್ನೇನ್ರೀ ಫಿಡೆಲಿಸ್? ನಾವು ನೋಡೋದು ಗಾಡಿ ಕೆಳಗೆ ಏನಿದೆ ಅಂತ. ಅದು ಯಾರ ಮನೇದು ಅಂತ ಕೇಳೋಕೆ ನಮಗೇನು ಹಕ್ಕಿದೆ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಫಿಡೆಲಿಸನ ಮೈ ಉರಿಸಿದ್ದು. ಇಷ್ಟು ವರ್ಷ ಹೊಂಡದಲ್ಲಿ ನಿಂತು, ಕುತ್ತಿಗೆ ನೋಯಿಸಿಕೊಂಡು, ಬೈಸಿಕೊಂಡು ಅವನು ನೋಡಿದ ಗಾಡಿಗಳಲ್ಲಿ ಎಷ್ಟು ಒಂದು ದಿನದ ವೇಷ ಹಾಕಿಕೊಂಡು ಬಂದವೋ ಯಾರಿಗೆ ಗೊತ್ತು! ಬೆಳಿಗ್ಗೆ ಪಾಸು, ಮಧ್ಯಾಹ್ನ ಬಿಚ್ಚು, ಖಲಾಸ್. ಅವನು ಹೊಂಡಕ್ಕೆ ಇಳಿದು ಸರಿ ಎಂದು ಗುರುತು ಹಾಕಿದ. ಸುಳ್ಳೇ ಹೇಳದೆ ಸುಳ್ಳುಗಾರನಾದ ಅವಮಾನ ಅದು.

ಆಸ್ಪತ್ರೆ ತಲುಪಿದೆ, ಏನು ವಿಷಯ ಎಂದು ಬೆಟ್ಟಿಯ ಮೆಸೇಜ್ ಬಂದ ಮೇಲೆಯೇ ಅವನು ಸರಿಯಾಗಿ ಉಸಿರಾಡಿದ್ದು. ಗಾಡಿ ಮುಟ್ಟಬೇಡ, ನಾನೇ ಬರುತ್ತೇನೆ ಎಂದಷ್ಟೇ ಉತ್ತರ ಕೊಟ್ಟ. ತನ್ನ ಶಿಫ್ಟು ಮುಗಿಯುವ ತನಕ ರಯಾನನನ್ನು ಹೋಗಲು ಬಿಡಲಿಲ್ಲ. ಮುಗಿದದ್ದೇ ಅವನ ಕೈಯಿಂದ ಕೀ ಕಿತ್ತುಕೊಂಡು, ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಅಬುಧಾಬಿಗೆ ಹೊರಟ. ದಾರಿಯಲ್ಲಿ ರಯಾನ್ ತಾನೇ ಮಾತಾಡಿದ. ಎಲ್ಲರೂ ಮಾಡುವುದೇ ಅಲ್ಲವೇ, ಟಯರು ಕೂಡ ಕಡ ತಂದು ಪಾಸಿಂಗ್ ಮಾಡಿಸುವವರಿದ್ದಾರೆ, ಒಂದು ದಿನದ ಮಾತು, ನಿಮ್ಮ ಕೈಯಿಂದ ತಪ್ಪು ಮಾಡಿಸಲಿಲ್ಲವಲ್ಲ ಎಂದ. ಗಾಡಿ ಫಿಡೆಲಿಸ್ ಹಾಕಿಸಿದ ಶಾಕಿನ ಮೇಲೆ ಹೂವಿನಂತೆ ಹೋಗುತ್ತಿತ್ತು, ಅದೇ ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು.

ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಬೆಟ್ಟಿ ಯೂನಿಫಾರ್ಮಿನಲ್ಲೇ ಕಾದು ನಿಂತಿದ್ದಳು. ಇಬ್ಬರನ್ನೂ ಒಟ್ಟಿಗೆ ಕಂಡಾಗಲೇ ಅವಳಿಗೆ ಗೊತ್ತಾಯಿತು. ಫಿಡೆಲಿಸ್ ನೇರವಾಗಿ ಅವಳ ಗಾಡಿಯ ಹಿಂದೆ ಹೋಗಿ, ಎರಡೂ ಕೈ ಊರಿ ಒತ್ತಿದ. ಗಾಡಿ ತೂಗಿತು. ಮತ್ತೆ ಒತ್ತಿದ, ಮತ್ತೆ ತೂಗಿತು. ಮನೆಯಲ್ಲಿ ಅವರದು ಕೊಂಕಣಿ. ಆದರೆ ಅವನು ಶಿರ್ವದ ಕನ್ನಡ ಮಾಸ್ತರರ ಮಗ, ಸಿಟ್ಟು ಬಂದರೆ ಬಾಯಿಗೆ ಕನ್ನಡವೇ ಬರುತ್ತಿತ್ತು.

"ನಿನ್ನನ್ನು ಇದರ ಮೇಲೆ ಕಳಿಸ್ಲಿಕ್ಕಾ ನಾನು ದಿನಾ ಹೊಂಡಕ್ಕೆ ಇಳಿಯುದು?"

"ಮದುವೆಗೆ ಸರ ಕೇಳಿದ್ರೆ ಕೊಡುದಿಲ್ವಾ? ಹಾಗೇ ಅಂತ ಎಣಿಸಿದೆ" ಎಂದಳು ಬೆಟ್ಟಿ. "ನೀವು ಸುಳ್ಳು ಹೇಳುವವರಲ್ಲ, ಅವನಿಗೆ ಪಾಸಿಂಗ್ ಆಗ್ಬೇಕು. ನನ್ನದು ಒಂದು ದಿನಕ್ಕೆ ಕೊಟ್ಟೆ. ನಿಮ್ಮ ಮರ್ಯಾದೆಯೂ ಉಳೀತದೆ ಅಂತ."

ಸರ ಕಡ ಕೊಟ್ಟವಳ ಕುತ್ತಿಗೆ ಬರಿದಾದರೆ ಯಾರೂ ಸಾಯುವುದಿಲ್ಲ ಎಂದು ಫಿಡೆಲಿಸ್ ಅಂದ. ಬೆಟ್ಟಿ ಬೇರೆಲ್ಲೋ ನೋಡುತ್ತ, ಬೆಳಿಗ್ಗೆ ಅರ್ಧ ದಾರಿಯಲ್ಲಿ, ಘಂಟೂತಿನ ಹತ್ತಿರ ಮುಂದಿನ ಟ್ಯಾಂಕರ್ ಗಕ್ಕನೆ ನಿಧಾನವಾಯಿತು, ಬ್ರೇಕ್ ಹಾಕಿದಾಗ ಗಾಡಿಯ ಹಿಂದುಗಡೆ ಎಲ್ಲಿಗೋ ಹೋದ ಹಾಗಾಯಿತು, ನನಗೇ ನಿದ್ದೆಗಣ್ಣು ಎಂದುಕೊಂಡೆ ಎಂದಳು. ರಯಾನನ ಮುಖದಲ್ಲಿ ನಗು ಇರಲಿಲ್ಲ. ಫಿಡೆಲಿಸನ ಬಾಯಿಯಲ್ಲಿ ಬೆಳಿಗ್ಗೆಯಿಂದ ಸಾಣೆ ಹಿಡಿದಿಟ್ಟಿದ್ದ ಬೈಗುಳಗಳೆಲ್ಲ ಅಲ್ಲೇ ಒಣಗಿದವು. ಅವನು ಅವಳ ಭುಜ ಮುಟ್ಟಿ ನೋಡಿದ, ಪೂರ್ತಿ ಇದ್ದಾಳೆಯೇ ಎಂದು ಪರೀಕ್ಷಿಸುವ ಹಾಗೆ.

ಎಲ್ಲಿಯಾದರೂ ಬಿಚ್ಚಿ ಬದಲಾಯಿಸಬೇಕಿತ್ತು. ಹತ್ತಿರದಲ್ಲಿ ಗ್ಯಾರೇಜುಗಳಿದ್ದದ್ದು ಮುಸಫ್ಫಾದಲ್ಲಿ. ಅಲ್ಲಿಯವರೆಗೆ ಸತ್ತ ಶಾಕಿನ ಗಾಡಿಯನ್ನು ರಯಾನನೇ ಓಡಿಸಬೇಕು, ನಾನು ಹಿಂದಿನ ಸೀಟಿನಲ್ಲಿ ಕೂರುತ್ತೇನೆ ಎಂದ ಫಿಡೆಲಿಸ್. ಬೆಟ್ಟಿ ತಮ್ಮನ ಗಾಡಿಯಲ್ಲಿ ಹಿಂದೆಯೇ ಬಂದಳು. ನಿಧಾನವಾಗಿಯೇ ಹೋದರು. ಆದರೂ ಸೇತುವೆಯ ಪ್ರತಿಯೊಂದು ಜೋಡಣೆಯ ಮೇಲೂ ಗಾಡಿಯ ಹಿಂಭಾಗ ಹಾರಿ ಕುಸಿದು ಹಾರಿತು, ಫಿಡೆಲಿಸನ ತಲೆ ಒಮ್ಮೆ ಮೇಲಿನ ತಗಡಿಗೆ ಬಡಿಯಿತು. ಬೆಟ್ಟಿ ಹಿಂದಿನಿಂದ ಮತ್ತೆ ಮತ್ತೆ ಹೆಡ್‌ಲೈಟ್ ಹೊಳೆಯಿಸುತ್ತಿದ್ದಳು, ಯಾಕೆಂದು ಇವರಿಬ್ಬರಿಗೂ ತಿಳಿಯಲಿಲ್ಲ. ಗ್ಯಾರೇಜಿನ ಎದುರು ಇಳಿದಾಗ ಅವಳ ಮುಖ ಬಿಳಿಚಿಕೊಂಡಿತ್ತು.

ಹಸಿರು ಬೊಟ್ಟಿನವು ಬೆಟ್ಟಿಯ ಗಾಡಿಗೆ ಮರಳಿದವು. ಸೋರುವ ಶಾಕುಗಳನ್ನು ಎಸೆದು ಇಲ್ಲೇ ಹೊಸದು ಹಾಕಿಸು ಎಂದು ಫಿಡೆಲಿಸ್ ರಯಾನನಿಗೆ ಹೇಳಿದ. ಗ್ಯಾರೇಜಿನವನು ಸಾಮಾನು ತೆಗೆದೂ ತೋರಿಸಿದ. ಅಷ್ಟು ಹೊತ್ತಿಗೆ ರಯಾನನಿಗೆ ಧೈರ್ಯ ವಾಪಸು ಬಂದಿತ್ತು. ಅವನು ಹಳೆಯದನ್ನೇ ಹಾಕಿಸಿಕೊಂಡ. "ನೋಡುವ ಬಾವಾ, ಮುಂದಿನ ತಿಂಗಳು. ಈಗ ಹೇಗೂ ಪಾಸಿಂಗ್ ಆಯ್ತಲ್ಲ."

ಇಡೀ ದಿನದಲ್ಲಿ ಫಿಡೆಲಿಸ್ ತಡೆದುಕೊಳ್ಳಲಾರದೆ ಹೋದದ್ದು ಈ ಮಾತನ್ನು. ತಾನು ಹಾಕಿದ ಗುರುತನ್ನೇ ಆಣೆಕಟ್ಟಿನಂತೆ ಅಡ್ಡ ಕಟ್ಟಿ, ಇವನು ವರ್ಷವಿಡೀ ಅದರ ಹಿಂದೆ ಹಾಯಾಗಿ ಕೂರುತ್ತಾನೆ. ಪೊಲೀಸರು ಹಿಡಿದರೂ ಪಾಸಿಂಗ್ ತೋರಿಸುತ್ತಾನೆ. ಫಿಡೆಲಿಸ್ ಕೈಯಲ್ಲಿದ್ದ ಟಾರ್ಚನ್ನು ನೆಲಕ್ಕೆ ಬಡಿದ. ಗ್ಯಾರೇಜಿನವರು ಕೆಲಸ ನಿಲ್ಲಿಸಿ ನೋಡಿದರು. ಬೆಟ್ಟಿ ಬಗ್ಗಿ ಟಾರ್ಚಿನ ಚೂರುಗಳನ್ನು ಹೆಕ್ಕಿದಳು. ಮನೆಗೆ ಬಂದ ಮೇಲೂ ಅವಳು ಆಡಿದ್ದು ಒಂದೇ ಮಾತು, ಹಿಂದಿನ ಗಾಡಿಯಿಂದ ನೋಡಿದರೆ ಬೇರೆಯೇ ಕಾಣುತ್ತದೆ ಎಂದು.

ಭಾನುವಾರ ಬಂತು. ಅಬುಧಾಬಿಯಲ್ಲಿ ಪರಿಚಯದವರ ಮಗುವಿನ ನಾಮಕರಣದ ಊಟವಿತ್ತು. ಪೂಜೆ ಮುಗಿದದ್ದೇ ಎಲ್ಲರೂ ರಯಾನನ ಗಾಡಿಯ ಕಡೆಗೆ ನಡೆದರು. ಅಪೊಲೊನಿಯಾ ಬಾಯಿ ಜಪಮಾಲೆ ಹಿಡಿದು ಮುಂದೆ ಕೂತಾಯಿತು, ಫಿಯೋನಾ ಮತ್ತು ಗೆಳತಿಯರು ಹಿಂದೆ ನುಗ್ಗಿದರು. ಫಿಡೆಲಿಸ್ ಹಲ್ಲು ಕಚ್ಚಿಕೊಂಡು ಬಂದ. ಫಿಯೋನಾ, ಇಳಿ ಎಂದ. ಅವಳು ಕಿಟಕಿಯ ಗಾಜು ಏರಿಸಿದಳು. ಉಳಿದವರನ್ನೂ ಇಳಿಯಿರಿ ಎಂದ. ಯಾರೋ ಕಿಸಕ್ಕೆಂದರು. ಶುರುವಾಯಿತು ಇವನದು, ಪಾಸ್ ಮಾಡಿದವನೂ ಇವನೇ, ಈಗ ಇಳಿಯಿರಿ ಅನ್ನುವವನೂ ಇವನೇ ಎಂದರು. ರಯಾನ್ ಎಲ್ಲರಿಗೂ ಕೇಳುವ ಹಾಗೆ, ಬಾವಾ, ನಿಮ್ಮ ಕೈಯಿಂದಲೇ ಪಾಸಾದ ಗಾಡಿ, ನಿಮ್ಮ ಮೇಲೆ ನಿಮಗೇ ನಂಬಿಕೆ ಇಲ್ಲವಾ ಎಂದು ಕೇಳಿದ. ಜನ ನಕ್ಕರು. ಫಿಡೆಲಿಸನ ಕಿವಿ ಕೆಂಪಾಯಿತು. ಇಷ್ಟು ವರ್ಷ ಸಿಕ್ಕಿದವರಿಗೆಲ್ಲ ಗದರಿದವನು ಗಾಡಿಯ ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

ಬೆಟ್ಟಿ ಹೆಂಗಸರ ಗುಂಪಿನಿಂದ ಹೊರಗೆ ಬಂದಳು. ಇಗರ್ಜಿಗೆ ಉಟ್ಟ ರೇಷ್ಮೆ ಸೀರೆ, ಕುತ್ತಿಗೆಯಲ್ಲಿ ಆ ವಾರ ಯಾರೂ ಕೇಳದೆ ಉಳಿದಿದ್ದ ಎರಡೆಳೆ ಸರ. ಕೈಚೀಲವನ್ನು ಗಂಡನ ಕೈಗೆ ಕೊಟ್ಟಳು. ತಮ್ಮನ ಗಾಡಿಯ ಹಿಂದಿನ ಮೂಲೆಗೆ ಎರಡೂ ಅಂಗೈ ಊರಿ, ಮೈಭಾರವೆಲ್ಲ ಹಾಕಿ ಒತ್ತಿ ಬಿಟ್ಟಳು. ಗಾಡಿ ಎದ್ದಿತು, ಕುಸಿಯಿತು, ಒಳಗಿದ್ದ ಮಕ್ಕಳ ತಲೆಗಳು ಒಟ್ಟಿಗೆ ಮೇಲೆ ಕೆಳಗೆ ಆದವು. ಅದು ನಿಲ್ಲುವ ಮುಂಚೆ ಅವಳು ಮತ್ತೊಮ್ಮೆ ಒತ್ತಿದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಗಾಡಿಯ ಹಿಂದೆ ಬಂದು ನಿಂತು ನೋಡಿದರು. ಅಪೊಲೊನಿಯಾ ಬಾಯಿ ಬಾಗಿಲು ತೆಗೆದು, ನೆಲಕ್ಕೆ ಕಾಲು ಚಾಚಿದರು.

"ಅಕ್ಕಾ, ಎಂತ ಮಾಡ್ತಾ ಇದ್ದಿ? ಪಾಸಾಗಿದೆಯಲ್ಲ" ಎಂದ ರಯಾನ್, ಮೆಲ್ಲಗೆ.

"ಪಾಸಾದದ್ದು ನನ್ನದು ರಯಾನ್. ನಿನ್ನದಲ್ಲ" ಎಂದಳು ಬೆಟ್ಟಿ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಹಿಂದಿನ ಬಾಗಿಲು ತೆಗೆದು ಮಗಳ ಕೈ ಹಿಡಿದು ಇಳಿಸಿದಳು.